ಮರು: ‘ಸ್ಟೆಪ್-ಥ್ರೂ’ ಬೈಕಿಗೆ ಕನ್ನಡದಲ್ಲಿ ಏನನ್ನೋಣ? ಫಲಕಕ್ಕೆ ಬೇಕು, ಅರ್ಜೆಂಟ್

> ಜಪಾನಿನ ಹಳೆ ಬೈಕುಗಳ ಫೋಟೊ ಪ್ರದರ್ಶನಕ್ಕೆ ಕನ್ನಡ ಫಲಕ ಬರೆದುಕೊಡುತ್ತಿದ್ದೇನೆ. ಹೋಂಡಾದ ಕಬ್ ಎಫ್, ಸೂಪರ್ ಕಬ್, ಮಂಕಿ, ರೋಡ್‌ಪಾಲ್ ಇವೆ. ‘ಸ್ಟೆಪ್-ಥ್ರೂ’, ‘ಮೊಪೆಡ್’, ‘ಸೆಂಟ್ರಿಫ್ಯೂಗಲ್ ಕ್ಲಚ್’ ಇವಕ್ಕೆ ಏನು ಬರೆಯಲಿ? ನಾಳೆ ಬೆಳಿಗ್ಗೆ ಫ್ಲೆಕ್ಸ್ ಪ್ರಿಂಟಿಗೆ ಹೋಗಬೇಕು.

ಮೊದಲು ಕೇಳಿದವರಿಗೆ ಉತ್ತರ. ಮಿಕ್ಕವರ ಜೊತೆ ಜಗಳ ಆಮೇಲೆ.

ಸ್ಟೆಪ್-ಥ್ರೂಗೆ ‘ನಡುತಗ್ಗಿನ ಬೈಕು’ ಅಂತ ಬರೆಯಿರಿ. ಸೀಟಿಗೂ ಹ್ಯಾಂಡಲ್ಲಿಗೂ ನಡುವೆ ಚೌಕಟ್ಟು ತಗ್ಗಾಗಿದೆ, ಕಾಲು ಎತ್ತಿ ಹಾಯಿಸಬೇಕಾಗಿಲ್ಲ, ಅಷ್ಟೇ ವಿಷಯ. ಫೋಟೊ ಪಕ್ಕದಲ್ಲೇ ಇರುತ್ತೆ, ಓದಿದವರಿಗೆ ತಕ್ಷಣ ಹೊಂದುತ್ತೆ. ಸೆಂಟ್ರಿಫ್ಯೂಗಲ್ ಕ್ಲಚ್‌ಗೆ ‘ತಾನಾಗಿ ಹಿಡಿದು ಬಿಡುವ ಕ್ಲಚ್ಚು’. ‘ಕೇಂದ್ರಾಪಗಾಮಿ’ ಬೇಡ, ಅದು ಪರೀಕ್ಷೆ ಬರೆಯುವವರಿಗೆ ಇರಲಿ. ಮೊಪೆಡ್‌ಗೆ ‘ಮೊಪೆಡ್ಡು’ ಅಂತಲೇ ಬರೆಯಬಹುದು, ಆದರೆ ನಿಮ್ಮ ನಾಲ್ಕು ಗಾಡಿಗಳಲ್ಲಿ ಮೂರಕ್ಕೆ ಅದು ತಪ್ಪು. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಇನ್ನು ನಿನ್ನೆಯಿಂದ ಬಂದ ಉತ್ತರಗಳು.

> ದ್ವಿಚಕ್ರ ವಾಹನ ಎಂಬ ಒಳ್ಳೆಯ ಪದ ಇದೆ. ಚರ್ಚೆ ಯಾಕೆ?

ಚರ್ಚೆ ಬೇಕು. ಅದು ಆರ್‌ಟಿಓ ಅರ್ಜಿಗೆ, ಪಾರ್ಕಿಂಗ್ ಬೋರ್ಡಿಗೆ ಸರಿ. ಪ್ರದರ್ಶನದ ನಾಲ್ಕೂ ಫೋಟೊಗಳ ಕೆಳಗೆ ‘ದ್ವಿಚಕ್ರ ವಾಹನ’ ಅಂತ ಬರೆದರೆ ನೋಡುವವರಿಗೆ ಏನು ತಿಳಿಯಿತು? ಒಂದರಿಂದ ಇನ್ನೊಂದನ್ನು ಬೇರೆ ಮಾಡಿ ತೋರಿಸೋಕೆ ಪದ ಬೇಕು ಅಂತ ಅವರು ಕೇಳಿದ್ದು.

> ಸಂಸ್ಕೃತವೂ ಬೇಡ, ಇಂಗ್ಲಿಷೂ ಬೇಡ. ‘ಇಗ್ಗಾಲಿ ಬಂಡಿ’ ಅನ್ನಿ.

ಮೇಲಿನ ಉತ್ತರವೇ ಇದಕ್ಕೂ. ದ್ವಿಚಕ್ರ ತೆಗೆದು ಇಗ್ಗಾಲಿ ಹಾಕಿದರೆ ಪದದ ಬೇರು ಬದಲಾಯಿತು, ಹರವು ಬದಲಾಗಲಿಲ್ಲ. ಸೈಕಲ್ಲೂ ಇಗ್ಗಾಲಿ, ಬುಲೆಟ್ಟೂ ಇಗ್ಗಾಲಿ.

> ಸ್ಕೂಟರ್ ಅಂತ ಹಾಕಿ ಮುಗಿಸಿ.

ಇದು ನೇರವಾಗಿ ತಪ್ಪು ಮಾಹಿತಿ. ಸ್ಕೂಟರಿಗೆ ಗಾಲಿ ಚಿಕ್ಕದು, ಕಾಲಿಡೋಕೆ ಮುಂದೆ ಸಪಾಟು ಹಲಗೆ, ಎಂಜಿನ್ನು ಸೀಟಿನ ಕೆಳಗೆ. 1958ರ ಸೂಪರ್ ಕಬ್ ಸಿ100 ನೋಡಿ. ಗಾಲಿ 17 ಇಂಚು, ಹೆಚ್ಚುಕಮ್ಮಿ ಬೈಕಿನದ್ದೇ. ಎಂಜಿನ್ನು ಎರಡೂ ಕಾಲುಗಳ ನಡುವೆ ಕೆಳಗಡೆ ಮಲಗಿದೆ. ಚೈನು ಇದೆ. ಕಾಲಲ್ಲಿ ಹಾಕುವ ಮೂರು ಗೇರು ಇವೆ. ಕಾಲಿಗೆ ಕೆಸರು ಗಾಳಿ ತಾಗದ ಹಾಗೆ ಮುಂದೆ ಪ್ಲಾಸ್ಟಿಕ್ ಮರೆ ಇದೆ ಅನ್ನೋ ಒಂದೇ ಕಾರಣಕ್ಕೆ ಅದು ಸ್ಕೂಟರ್ ಆಗಿಬಿಡಲ್ಲ. ಹೋಂಡಾ ಕಂಪನಿ ನಿಜವಾದ ಸ್ಕೂಟರನ್ನು ಅದಕ್ಕೂ ಮೊದಲೇ, 1954ರಲ್ಲಿ, ಜೂನೊ ಅನ್ನೋ ಹೆಸರಲ್ಲಿ ತಂದಿತ್ತು. ಅದು ಓಡಲಿಲ್ಲ. ಕಬ್ ಬೇರೆಯೇ ದಾರಿ ಹಿಡಿದದ್ದು. ಆ ಬೇರೆತನವೇ ಪ್ರದರ್ಶನದ ಕತೆ ಆಗಿರುವಾಗ ಫಲಕದಲ್ಲಿ ಅದನ್ನೇ ಅಳಿಸಿಬಿಟ್ಟರೆ ಹೇಗೆ?

> ನಮ್ಮೂರಲ್ಲಿ ಗೇರಿಲ್ಲದ್ದಕ್ಕೆಲ್ಲ ಸ್ಕೂಟಿ ಅಂತೀವಿ.

ನಿಜ, ನಮ್ಮ ಕಡೆಯೂ ಹಾಗೇ. ಕೋಲಾರದ ನರಸಾಪುರದಲ್ಲಿ 2013ರಿಂದ ಹೋಂಡಾದ್ದೇ ಕಾರ್ಖಾನೆ ನಡೆಯುತ್ತಿದೆ. ಆದರೂ ಆಕ್ಟಿವಾ ತಗೊಂಡವರು ಮನೆಯಲ್ಲಿ ‘ಸ್ಕೂಟಿ ಕೀ ಎಲ್ಲಿ’ ಅಂತಲೇ ಕೇಳುತ್ತಾರೆ, ಸ್ಕೂಟಿ ಟಿವಿಎಸ್ ಕಂಪನಿಯ ಹೆಸರಾದರೂ. ಮಾತಿಗೆ ಅದು ಸರಿಯೇ. ಆದರೆ ಸೂಪರ್ ಕಬ್‌ಗೆ ಗೇರು ಇದೆ. ಇಲ್ಲದೆ ಇರೋದು ಕ್ಲಚ್ ಹಿಡಿ ಮಾತ್ರ.

> ಲೇಡೀಸ್ ಬೈಕ್ ಅಂದರೆ ಎಲ್ಲರಿಗೂ ಗೊತ್ತಾಗುತ್ತೆ. ಲೇಡೀಸ್ ಸೈಕಲ್ ಇಲ್ವಾ?

ಬೇಡ. ದಯವಿಟ್ಟು ಬೇಡ. ಲೇಡೀಸ್ ಸೈಕಲ್ ಅನ್ನೋದು ಬಳಕೆಯಲ್ಲಿ ಇದೆ ಅನ್ನೋದೇನೋ ಸರಿ, ಆದರೆ ಈ ಬೈಕಿನ ಹುಟ್ಟಿಗೂ ಆ ಹೆಸರಿಗೂ ಹೊಂದಾಣಿಕೆ ಇಲ್ಲ. ಸೊಯಿಚಿರೊ ಹೋಂಡಾ ಮತ್ತು ಅವರ ಜೊತೆಗಾರ ತಕೆಯೊ ಫುಜಿಸಾವಾ 1956ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಮೊಪೆಡ್ಡು ಸ್ಕೂಟರುಗಳನ್ನು ನೋಡಿಕೊಂಡು ಬಂದರು. ಅವು ಜಪಾನಿನ ಕಚ್ಚಾ ರಸ್ತೆಗೆ ಆಗಲ್ಲ, ನಮಗೆ ಬೇರೆಯದೇ ಬೇಕು ಅಂತ ಶುರು ಮಾಡಿದ್ದು ಇದು. ಸೊಬಾ ಅಂಗಡಿಯ ಹುಡುಗ ಒಂದು ಕೈಯಲ್ಲಿ ನೂಡಲ್ಸ್ ತಟ್ಟೆ ಹೊತ್ತುಕೊಂಡು ಇನ್ನೊಂದೇ ಕೈಯಲ್ಲಿ ಓಡಿಸೋ ಹಾಗಿರಬೇಕು, ಇದು ಅವರ ಗುರಿ. ಅದಕ್ಕೇ ಎಡಗೈಗೆ ಕ್ಲಚ್ ಹಿಡಿಯೇ ಇಲ್ಲ. ಗೇರಿನ ಪೆಡಲ್ ಒತ್ತಿದರೆ ಕ್ಲಚ್ಚು ಬಿಟ್ಟುಕೊಳ್ಳುತ್ತೆ, ಕಾಲು ತೆಗೆದರೆ ಹಿಡಿದುಕೊಳ್ಳುತ್ತೆ. ಇಂಡಿಕೇಟರ್ ಸ್ವಿಚ್ಚೂ ಬಲಗೈ ಕಡೆಯೇ. ಎಕ್ಸಿಲರೇಟರು, ಮುಂದಿನ ಬ್ರೇಕು, ಇಂಡಿಕೇಟರು ಮೂರೂ ಬಲಗೈಗೆ, ಎಡಗೈ ತಟ್ಟೆಗೆ. ನಿಮ್ಮ ಫೋಟೊದಲ್ಲಿ ಹ್ಯಾಂಡಲ್ ಸರಿಯಾಗಿ ಕಾಣುತ್ತಿದ್ದರೆ ಇದನ್ನು ಫಲಕದಲ್ಲಿ ಬರೆಯಲೇಬೇಕು, ಜನ ಹತ್ತಿರ ಹೋಗಿ ನೋಡುತ್ತಾರೆ. ಹೆಂಗಸರಿಗೂ ಹತ್ತೋಕೆ ಸುಲಭ ಆಗಲಿ ಅನ್ನೋದು ಅವರ ಲೆಕ್ಕದಲ್ಲಿ ಇತ್ತು. ‘ಹೆಂಗಸರಿಗೂ’ ಅನ್ನೋದು ‘ಹೆಂಗಸರದ್ದು’ ಆಗಲ್ಲ.

> ಮೊಪೆಡ್ ಅಂತ ಹಾಕಿ, ಸಣ್ಣ ಗಾಡಿ ತಾನೇ.

ಮೊಪೆಡ್ ಅಂದರೆ ಸಣ್ಣ ಗಾಡಿ ಅಂತ ಅರ್ಥ ಅಲ್ಲ. ಆ ಪದ ಸ್ವೀಡನ್ನಿನಲ್ಲಿ 1952ರಲ್ಲಿ ಹುಟ್ಟಿತು. ಮೋಟಾರಿನ ‘ಮೊ’, ಪೆಡಲಿನ ‘ಪೆಡ್’. ತುಳಿಯುವ ಪೆಡಲ್ ಇರಲೇಬೇಕು. ನಮ್ಮಲ್ಲಿ ಲೂನಾ, ಹಳೆ ಟಿವಿಎಸ್ 50 ಇದ್ದ ಹಾಗೆ. ಈಗ ಟಿವಿಎಸ್ ಎಕ್ಸೆಲ್‌ಗೆ ಪೆಡಲ್ ಇಲ್ಲ, ಆದರೂ ಮೊಪೆಡ್ಡು ಅಂತಲೇ ಕರೀತಾರೆ ಅಂತ ನೀವು ಹೇಳಬಹುದು. ಅದು ಪೆಡಲ್ ಇದ್ದ ಕುಟುಂಬದಿಂದಲೇ ಬಂದ ಗಾಡಿ, ಹೆಸರು ಉಳಿಯಿತು. ಸೂಪರ್ ಕಬ್‌ಗೆ ಹುಟ್ಟಿನಿಂದಲೇ ಪೆಡಲ್ ಇರಲಿಲ್ಲ. 49 ಸಿಸಿ ನಾಲ್ಕು ಹೊಡೆತದ (ಫೋರ್-ಸ್ಟ್ರೋಕ್) ಎಂಜಿನ್ನಿನಲ್ಲಿ 4.5 ಅಶ್ವಶಕ್ತಿ ತೆಗೆದ ಗಾಡಿ ಅದು. ತುಳಿದು ಸಹಾಯ ಮಾಡೋ ಅಗತ್ಯವೇ ಇರಲಿಲ್ಲ.

ರೋಡ್‌ಪಾಲ್ ಬಗ್ಗೆ ಹುಷಾರು. 1976ರದ್ದು, ಇಟಲಿಯ ಸಿನಿಮಾ ನಟಿ ಸೋಫಿಯಾ ಲೊರೆನ್ ಜಾಹೀರಾತಿನಲ್ಲಿ ಇದ್ದರು. ನೋಡೋಕೆ ಥೇಟ್ ಮೊಪೆಡ್ಡು. ಕಾಲಲ್ಲಿ ತುಳಿಯುವಂಥದ್ದು ಒಂದು ಇದೆ ಕೂಡ. ಆದರೆ ಅದು ಗಾಲಿ ತಿರುಗಿಸೋಕೆ ಅಲ್ಲ, ಎಂಜಿನ್ ಚಾಲೂ ಮಾಡೋ ಸ್ಪ್ರಿಂಗಿಗೆ ಕೀ ಕೊಡೋಕೆ. ಅದಕ್ಕೂ ಮೊಪೆಡ್ ಅನ್ನಬೇಡಿ.

ನಾಲ್ಕರಲ್ಲಿ ಮೊಪೆಡ್ಡಿಗೆ ಹತ್ತಿರ ಬರೋದು 1952ರ ಕಬ್ ಎಫ್ ಮಾತ್ರ. ಅದೂ ಗಾಡಿಯಲ್ಲ, ಸೈಕಲ್ಲಿಗೆ ಸಿಕ್ಕಿಸೋ ಎಂಜಿನ್ನು. ಬಿಳಿ ಟ್ಯಾಂಕು, ಕೆಂಪು ಎಂಜಿನ್ನು, ಹಿಂದಿನ ಗಾಲಿಯ ಪಕ್ಕ. ಫುಜಿಸಾವಾ ಅವರು ದೇಶದ ಸುಮಾರು 50,000 ಸೈಕಲ್ ಅಂಗಡಿಗಳಿಗೆ ಕಾಗದ ಬರೆದು ಮಾರಿದ್ದು ಇದನ್ನೇ. ಇದಕ್ಕೆ ‘ಸೈಕಲ್ಲಿಗೆ ಹಾಕುವ ಎಂಜಿನ್’ ಸಾಕು. ಪದ ಕಟ್ಟೋ ಅಗತ್ಯ ಇಲ್ಲದ ಕಡೆ ಕಟ್ಟಬಾರದು.

> ಕಬ್ ಅಂದರೆ ಮರಿ. ‘ಹಿರಿಮರಿ’ ಅಂತ ಕನ್ನಡ ಮಾಡೋಣ.

ಹೆಸರನ್ನು ಅನುವಾದ ಮಾಡಬೇಡಿ. ಜಪಾನಿಗಳೇ ಅದನ್ನು ‘ಕಬು’ ಅಂತ ಹೆಸರಾಗಿಯೇ ಇಟ್ಟುಕೊಂಡಿದ್ದಾರೆ, ತಮ್ಮ ಮಾತಿಗೆ ತಿರುಗಿಸಿಕೊಂಡಿಲ್ಲ.

ಆದರೆ ಈ ಹೆಸರಲ್ಲಿ ಬೇರೆ ತೊಂದರೆ ಇದೆ, ಅದನ್ನು ಯಾರೂ ಎತ್ತಲಿಲ್ಲ. ಬಸ್ಸು, ಪೆನ್ನು, ಮೊಪೆಡ್ಡು ಆದ ಹಾಗೆ ‘ಕಬ್’ ಮುಂದೆ ಉಕಾರ ಬಂದರೆ ‘ಕಬ್ಬು’ ಆಗುತ್ತೆ. ವಿಭಕ್ತಿ ಹತ್ತಿದರೆ ‘ಕಬ್ಬಿಗೆ’, ‘ಕಬ್ಬಿನ’. ‘ಕಬ್ಬಿನ ಎಂಜಿನ್’ ಅಂತ ಮಂಡ್ಯದಲ್ಲಿ ಬರೆದರೆ ಆಲೆಮನೆ ಅಂದುಕೊಳ್ಳುತ್ತಾರೆ. ಆದ್ದರಿಂದ ವಿಭಕ್ತಿಯನ್ನು ಹೆಸರಿಗೆ ಅಂಟಿಸಬೇಡಿ, ‘ಬೈಕು’ ಮೇಲೆ ಹಾಕಿ: ‘ಸೂಪರ್ ಕಬ್ ಬೈಕಿಗೆ’, ‘ಸೂಪರ್ ಕಬ್ ಬೈಕಿನ’. ಅಂಟಿಸಲೇಬೇಕಾದರೆ ‘ಕಬ್‌ಗೆ’ ಅಂತ ಬಿಡಿಸಿ ಬರೆಯಿರಿ.

> ‘ಹೋಂಡಾ’ ತಪ್ಪು. ಜಪಾನಿಯಲ್ಲಿ ಒಕಾರ ಹ್ರಸ್ವ. ‘ಹೊಂಡ’ ಅಂತಲೇ ಬರೆಯಬೇಕು.

ಒಕಾರ ಹ್ರಸ್ವ ಅನ್ನೋದು ಸರಿ. ಕನ್ನಡಕ್ಕೆ ಹ್ರಸ್ವ ಒಕಾರ ಇದೆ, ಹಿಂದಿಗೆ ಇಲ್ಲ, ಆ ದೀರ್ಘ ಅಲ್ಲಿಂದ ಹತ್ತಿಕೊಂಡದ್ದು ಇರಬಹುದು ಅನ್ನೋ ನಿಮ್ಮ ವಾದವೂ ಕೇಳೋಕೆ ಚೆನ್ನಾಗಿದೆ. ಆದರೆ ಉಚ್ಚಾರ ಅಷ್ಟು ಬಿಗಿ ಮಾಡೋದಾದರೆ ‘ಡ’ ಕೂಡ ಹೋಗಬೇಕಲ್ವಾ? ಜಪಾನಿಯಲ್ಲಿ ಮೂರ್ಧನ್ಯ, ಅಂದರೆ ನಾಲಿಗೆ ಮಡಚಿ ಹೇಳೋ ಟ, ಡ ಥರದ ಅಕ್ಷರ, ಇಲ್ಲ. ‘ಹೊಂದ’ ಅಂತ ಬರೆಯಬೇಕಾಗುತ್ತೆ. ಬರೆಯುತ್ತೀರಾ? ರಸ್ತೆಗೆ ಸಂಬಂಧಪಟ್ಟ ಫಲಕದ ಮೇಲೆ ‘ಹೊಂಡ’ ಅಂತ ಕಂಡರೆ ಕನ್ನಡಿಗರು ಯಾವ ಹೊಂಡ ಅಂತ ಓದುತ್ತಾರೆ ಅನ್ನೋದು ನಿಮಗೂ ಗೊತ್ತು. ‘ಹೋಂಡಾ’ ಎಲ್ಲ ಕಡೆ ರೂಢಿಯಾಗಿದೆ, ಇರಲಿ ಬಿಡಿ. ಅಂದಹಾಗೆ ಆ ಹೆಸರಿನ ಎರಡು ಅಕ್ಷರಗಳ ಅರ್ಥ ‘ಮೂಲ’ ಮತ್ತು ‘ಗದ್ದೆ’. ಗುಂಡಿಗೂ ಅದಕ್ಕೂ ಯಾವ ನಂಟೂ ಇಲ್ಲ.

> ಹೀಗೆ ಎಲ್ಲದಕ್ಕೂ ಬೈಕು, ಕ್ಲಚ್ಚು ಅಂತ ಎರವಲು ತರುತ್ತಾ ಹೋದರೆ ಕನ್ನಡ ಎಲ್ಲಿ ಉಳಿಯಿತು?

ಇದಕ್ಕೆ ಸ್ವಲ್ಪ ಜಾಸ್ತಿ ಬರೆಯಬೇಕು.

ಸೈಕಲ್ ಕಲಿತ ಹುಡುಗರು ‘ಒಳಪೆಡ್ಲು’ ಅಂತಾರೆ. ಸೀಟು ಎಟುಕದ ಮಕ್ಕಳು ಬಾರಿನ ಕೆಳಗೆ ತ್ರಿಕೋನದೊಳಗೆ ಒಂದು ಕಾಲು ತೂರಿಸಿ ತುಳಿಯೋದು. ಆ ಪದವನ್ನು ಯಾವ ಸಮಿತಿಯೂ ಕಟ್ಟಿಕೊಟ್ಟಿಲ್ಲ. ಪೆಡಲ್ ಹೊರಗಿನದು, ಅದನ್ನು ‘ಪೆಡ್ಲು’ ಮಾಡಿ, ಹಿಂದೆ ನಮ್ಮದೇ ‘ಒಳ’ ಸೇರಿಸಿ, ಇಂಗ್ಲಿಷಿನವರಿಗೆ ಒಂದೇ ಪದದಲ್ಲಿ ಹೇಳಲಾಗದ್ದನ್ನು ಹೇಳಿಬಿಟ್ಟರು. ಕನ್ನಡ ಬದುಕಿರೋದು ಹೀಗೆ. ವಸ್ತು ಹೊರಗಿಂದ ಬಂದಿದ್ದರೆ ಅದರ ಹೆಸರು ಜೊತೆಗೇ ಬರಲಿ. ಅದು ಎಂಥದ್ದು, ಹೇಗಿದೆ ಅಂತ ಹೇಳೋ ಮಾತು ನಮ್ಮದಾಗಿರಲಿ. ‘ನಡುತಗ್ಗಿನ ಬೈಕು’ ನಾನು ಹೇಳಿದ್ದು ಇದೇ ದಾರಿಯಲ್ಲಿ. ‘ಬೈಕು’ ತೆಗೆದು ಬಂಡಿ ಹಾಕಿದರೆ ಎತ್ತು ಎಲ್ಲಿ ಅಂತ ಹುಡುಕುತ್ತಾರೆ.

ಜಪಾನಿಗಳನ್ನೇ ನೋಡಿ, ನಮ್ಮ ಹಾಗೇ ಅವರಲ್ಲೂ ಎರಡು ಸಾಲು ಪದ ಇವೆ. ಕಾನೂನಿನಲ್ಲಿ ‘ಗೆಂದೋಕಿ-ತ್ಸುಕಿ ಜಿತೆನ್‌ಶಾ’, ಅಂದರೆ ‘ಎಂಜಿನ್ ಹತ್ತಿಸಿದ ಸೈಕಲ್’. ಕಬ್ ಎಫ್ ಕಾಲದ ಯೋಚನೆ ಆ ಹೆಸರಲ್ಲಿ ಇನ್ನೂ ಇದೆ. ಜನ ಅದನ್ನು ಮೊಟಕು ಮಾಡಿ ‘ಗೆಂತ್ಸುಕಿ’ ಅಂತಾರೆ. ಹಾಗೇ ‘ಬೈಕು’, ‘ಸುಕೂತಾ’ ಅಂತಲೂ ಹೊರಗಿನ ಪದ ಆಡುತ್ತಾರೆ. ಅವರ ಭಾಷೆ ಕರಗಿಹೋಗಿಲ್ಲ. ಹೊಗೆ ನಿಯಮ ಬಿಗಿಯಾಗಿ 50 ಸಿಸಿ ಗಾಡಿಗಳೇ ನಿಲ್ಲೋ ಸ್ಥಿತಿ ಬಂದಾಗ, ಶಕ್ತಿ ತಗ್ಗಿಸಿದ 125 ಸಿಸಿವರೆಗಿನದನ್ನೂ 2025ರ ಏಪ್ರಿಲ್‌ನಿಂದ ಅದೇ ಹೆಸರಿನ ಕೆಳಗೆ ಸೇರಿಸಿಕೊಂಡರು.

ಆಗ್ನೇಯ ಏಷ್ಯಾದಲ್ಲಿ ಜನ ಇನ್ನೂ ಧಾರಾಳ. ಇಂಡೊನೇಷ್ಯಾದಲ್ಲಿ ಈ ಬಗೆಯ ಬೈಕಿಗೆ ‘ಬೆಬೆಕ್’, ಅಂದರೆ ಬಾತುಕೋಳಿ. ಮಲೇಷ್ಯಾದಲ್ಲಿ ‘ಕಬ್’ ಹೆಸರೇ ‘ಕಪ್’ ಆಗಿ ಚೀನೀ ಬಾಲ ಸೇರಿ ‘ಕಪ್‌ಚಾಯ್’. ವಿಯೆಟ್ನಾಮಿನಲ್ಲಿ ಯಾವ ಕಂಪನಿಯ ಬೈಕೇ ಆಗಲಿ ‘ಹೋಂಡಾ’ ಅನ್ನೋ ರೂಢಿ ಬೆಳೆಯಿತು. 2017ರ ಹೊತ್ತಿಗೆ ಕಬ್ ಸರಣಿಯ 10 ಕೋಟಿ ಬೈಕು ತಯಾರಾದವು, ಅಲ್ಲೆಲ್ಲ ಬೀದಿ ತುಂಬ ಅವೇ. ಅದಕ್ಕೇ ಬೀದಿಯ ಹೆಸರು ಹುಟ್ಟಿತು. ನಮ್ಮಲ್ಲಿ ಆ ವಂಶದ್ದು ಅಂತ ಬಂದದ್ದು 1990ರ ದಶಕದ ಕೊನೆಯ ಹೀರೋ ಹೋಂಡಾ ಸ್ಟ್ರೀಟ್, ಅದು ಹೆಚ್ಚು ಓಡಾಡಲಿಲ್ಲ. ಬಜಾಜ್ ಎಂ80 ಅದೇ ಜಾತಿಯ ಆಕಾರದ್ದು, ಹಳ್ಳಿಹಳ್ಳಿಯಲ್ಲಿ ಓಡಿತು, ಆದರೆ ಜನ ಅದನ್ನು ‘ಎಂಯೈಟಿ’ ಅಂತಲೇ ಕರೆದರು. ಕನ್ನಡದಲ್ಲಿ ಇದಕ್ಕೆ ಪದ ಇಲ್ಲದಿರೋದು ಕನ್ನಡದ ಕೊರತೆಯಲ್ಲ, ಆ ಬೈಕು ಇಲ್ಲಿ ಸಾಕಷ್ಟು ಓಡಲಿಲ್ಲ ಅಷ್ಟೇ.

> ‘ತಗ್ಗು’ ಅಂದರೆ ಉತ್ತರ ಕರ್ನಾಟಕದಲ್ಲಿ ಗುಂಡಿ.

ಗೊತ್ತು. ‘ತಗ್ಗು ಬಾಗಿಲು’ ಅಂದಾಗ ಅಲ್ಲಿಯೂ ಯಾರೂ ಗುಂಡಿ ಅಂದುಕೊಳ್ಳಲ್ಲ. ‘ನಡು’ ಮುಂದಿದೆ, ‘ಬೈಕು’ ಹಿಂದಿದೆ, ಪಕ್ಕದಲ್ಲಿ ಫೋಟೊ ಇದೆ.

ಫಲಕಕ್ಕೆ ಹೀಗೆ ಬರೆದಿದ್ದೇನೆ, ಬೇಕಾದರೆ ಎತ್ತಿಕೊಳ್ಳಿ:

ಹೋಂಡಾ ಕಬ್ ಎಫ್, 1952. ಸೈಕಲ್ಲಿಗೆ ಹಾಕುವ 50 ಸಿಸಿ ಎಂಜಿನ್. ಬಿಳಿ ಟ್ಯಾಂಕು, ಕೆಂಪು ಎಂಜಿನ್ನು.

ಹೋಂಡಾ ಸೂಪರ್ ಕಬ್ ಸಿ100, 1958. ನಡುತಗ್ಗಿನ ಬೈಕು. 49 ಸಿಸಿ, ಮೂರು ಗೇರು, ತಾನಾಗಿ ಹಿಡಿದು ಬಿಡುವ ಕ್ಲಚ್ಚು. ಊಟದ ತಟ್ಟೆ ಹೊತ್ತವರು ಒಂದೇ ಕೈಯಲ್ಲಿ ಓಡಿಸಲಿ ಎಂದು ಎಡಗೈಗೆ ಕ್ಲಚ್ ಹಿಡಿ ಇಟ್ಟಿಲ್ಲ.

ಹೋಂಡಾ ಮಂಕಿ. 1961ರಲ್ಲಿ ತಾಮಾ ಟೆಕ್ ಎಂಬ ಆಟದ ಪಾರ್ಕಿಗಾಗಿ ಮಾಡಿದ ಪುಟ್ಟ ಬೈಕಿನಿಂದ ಬಂದದ್ದು. ಜಪಾನಿನಲ್ಲಿ ರಸ್ತೆಗೆ ಇಳಿದದ್ದು 1967ರಲ್ಲಿ.

ಹೋಂಡಾ ರೋಡ್‌ಪಾಲ್, 1976. 50 ಸಿಸಿ ಪುಟ್ಟ ಗಾಡಿ. ಕಾಲಲ್ಲಿ ತುಳಿದು ಸ್ಪ್ರಿಂಗಿಗೆ ಕೀ ಕೊಟ್ಟು ಚಾಲೂ ಮಾಡುವುದು.

ರೋಡ್‌ಪಾಲ್‌ಗೆ ಬೇಕಂತಲೇ ‘ಗಾಡಿ’ ಅಂದಿದ್ದೇನೆ. ಅದು ಬೈಕೂ ಅಲ್ಲ, ಸ್ಕೂಟರೂ ಅಲ್ಲ. ‘ಗಾಡಿ’ಯೂ ಉತ್ತರದಿಂದ ಬಂದ ಪದ ಅಂತ ಬರೆಯಲು ಹೊರಟವರು ಅದಕ್ಕೆ ಬೇರೆ ವಿಷಯದ ಸಾಲು ಕೊಟ್ಟು ಬರೆಯಿರಿ, ಈ ಸರಪಳಿಯಲ್ಲಿ ಬೇಡ. ಕೇಳಿದವರು ಇವತ್ತು ರಾತ್ರಿ ಇದನ್ನು ಓದಿ ಮುಗಿಸಬೇಕು. ಮೇಡಂ, ಮಂಕಿ ಫೋಟೊ ಯಾವ ವರ್ಷದ್ದು ಅಂತ ತಿಳಿಸಿದರೆ ಆ ಸಾಲನ್ನು ಇನ್ನಷ್ಟು ಸರಿ ಮಾಡಿ ಕಳಿಸುತ್ತೇನೆ.