ಲಿನಕ್ಸ್‌ನಲ್ಲಿ ಭಜನೆ ರೆಕಾರ್ಡಿಂಗಿಗೆ ಯಾವ ಸೌಂಡ್ ಕಾರ್ಡ್?

ಪ್ರಶ್ನೆ, ಡೊಂಬಿವಲಿಯಿಂದ: ನಮ್ಮ ಭಜನಾ ಮಂಡಳಿಯ ಹಾಡು ರೆಕಾರ್ಡ್ ಮಾಡಬೇಕು. ಹಾಡುವವರಿಗೊಂದು ಮೈಕು, ತಬಲಾ-ಹಾರ್ಮೋನಿಯಂಗೆ ಇನ್ನೊಂದು. ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ 22 ಇದೆ. ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಮಾಟುಂಗದಿಂದ: ಸಾರ್, ಬ್ರ್ಯಾಂಡ್ ಆಮೇಲೆ. ಮೊದಲು ‘ಯುಎಸ್‌ಬಿ ಕ್ಲಾಸ್ ಕಂಪ್ಲಯಂಟ್’ (ಅಂದರೆ ಕಂಪನಿಯ ಪ್ರತ್ಯೇಕ ಡ್ರೈವರ್ ಬೇಡದ್ದು) ಹೌದೋ ನೋಡಿ. ಬಾಕ್ಸಿನ ಮೇಲೆ ಲಿನಕ್ಸ್ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಐಪ್ಯಾಡಿಗೆ ಡ್ರೈವರ್ ಇಲ್ಲದೆ ನಡೆಯುವ ಕಾರ್ಡು ಹೆಚ್ಚಾಗಿ ಇಲ್ಲೂ ನಡೆಯುತ್ತದೆ, ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲೇ ಇರುವ ಅಲ್ಸಾ ಎಂಬ ಸೌಂಡ್ ಡ್ರೈವರೇ ಅದನ್ನು ನೋಡಿಕೊಳ್ಳುತ್ತದೆ. ಇನ್ನು ಮೈಕ್ ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲ್ ಏರಿಸುವ ಭಾಗ) ಎರಡಿರಲೇಬೇಕು. ಬೆಹ್ರಿಂಗರ್ ಯುಎಂಸಿ22, ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ ಸೋಲೋ ಎರಡರಲ್ಲೂ ಮೈಕಿಗೆ ಒಂದೇ ಜಾಗ, ಇನ್ನೊಂದು ಗಿಟಾರಿನಂಥದ್ದಕ್ಕೆ. ನಿಮಗೆ ಯುಎಂಸಿ202ಎಚ್‌ಡಿ ಇಲ್ಲವೇ ಸ್ಕಾರ್ಲೆಟ್ 2ಐ2 ಸರಿ. ನನ್ನ ಮತ ಮೊದಲನೆಯದಕ್ಕೆ: ಗೇನ್ (ಮೈಕಿನ ಮಟ್ಟ), ಮಾನಿಟರ್ (ಕೇಳಿಸಿಕೊಳ್ಳುವ ಸದ್ದು) ಎಲ್ಲ ಕಾರ್ಡಿನ ಮೇಲಿನ ಗುಂಡಿಗಳಲ್ಲೇ ಇವೆ, ಕಂಪನಿಯ ಸಾಫ್ಟ್‌ವೇರಿನ ಹಂಗಿಲ್ಲ. ಮೂರನೇ ತಲೆಮಾರಿನ ಸ್ಕಾರ್ಲೆಟ್ ಹೊಸದರಲ್ಲಿ ಪೆನ್‌ಡ್ರೈವ್ ಥರವೂ ಕಾಣಿಸಿಕೊಂಡರೆ ಗಾಬರಿ ಬೇಡ. 48 ವೋಲ್ಟ್ ಗುಂಡಿ ಒತ್ತಿ ಹಿಡಿದು ಕೇಬಲ್ ಚುಚ್ಚಿದರೆ ಅದು ಹೋಗುತ್ತದೆ.

ಕೊಳ್ಳಲು ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೆ ಹೋಗುವುದಾದರೆ ಲ್ಯಾಪ್‌ಟಾಪ್ ಒಯ್ಯಿರಿ. ಅಂಗಡಿಯಲ್ಲೇ ಚುಚ್ಚಿ, ಟರ್ಮಿನಲ್ಲಿನಲ್ಲಿ ‘ಎರೆಕಾರ್ಡ್ -ಎಲ್’ (arecord -l) ಕಮಾಂಡ್ ಕೊಡಿ (ಎಲ್ ಸಣ್ಣಕ್ಷರ). ಪಟ್ಟಿಯಲ್ಲಿ ಹೆಸರು ಬಂದ ಮೇಲೆ ದುಡ್ಡು ಕೊಡಿ.

ಪುಣೆಯಿಂದ: ದುಡ್ಡು ಉಳಿಸಲು ಎರಡು ಅಗ್ಗದ ಯುಎಸ್‌ಬಿ ಡಾಂಗಲ್ ಹಾಕಿ ಎರಡು ಮೈಕ್ ಜೋಡಿಸುವ ಉಪಾಯ ಮಾತ್ರ ಬೇಡ. ಒಂದೊಂದರ ಗಡಿಯಾರ ಒಂದೊಂದು ವೇಗ. ಹಾಡು ಉದ್ದವಾದಷ್ಟೂ ದನಿಯೂ ತಬಲಾವೂ ಬೇರೆ ಬೇರೆ ಕಡೆ ಜಾರುತ್ತವೆ. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟೂ ಅವುಗಳಲ್ಲಿಲ್ಲ.

ಮಿಂಟ್ 22ರಲ್ಲಿ ಸದ್ದನ್ನು ನಿಭಾಯಿಸುವ ಪೈಪ್‌ವೈರ್ ಇದ್ದೇ ಇದೆ. ಪಾವುಕಂಟ್ರೋಲ್ (pavucontrol) ಎಂಬ ಸೌಂಡ್ ಸೆಟ್ಟಿಂಗ್ ಪ್ರೋಗ್ರಾಂ ತೆರೆದು ಕಾರ್ಡಿನ ಪ್ರೊಫೈಲನ್ನು ‘ಪ್ರೊ ಆಡಿಯೊ’ ಮಾಡಿ, 48 ಕಿಲೋಹರ್ಟ್ಸ್, 24 ಬಿಟ್ ಇಡಿ. ಬಫರ್ (ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) 256ರಿಂದ ಶುರು ಮಾಡಿ: 256 ಸ್ಯಾಂಪಲ್ ಅಂದರೆ ಸುಮಾರು 5.3 ಮಿಲಿಸೆಕೆಂಡ್. ಟಕ್ ಟಕ್ ಸದ್ದು ಬಂದರೆ ಟರ್ಮಿನಲ್ಲಿನಲ್ಲಿ ‘ಪಿಡಬ್ಲ್ಯೂ-ಟಾಪ್’ (pw-top) ಓಡಿಸಿ. ಇಆರ್‌ಆರ್ (ERR, ತಪ್ಪುಗಳ ಲೆಕ್ಕ) ಕಾಲಮ್ಮಿನ ಅಂಕಿ ಏರುತ್ತಿದ್ದರೆ ಬಫರ್ 512 ಮಾಡಿ, ಯುಎಸ್‌ಬಿ ಹಬ್ ತೆಗೆದು ನೇರ ಪೋರ್ಟಿಗೆ ಹಾಕಿ. ಹಾಡುವವರು ಡೈರೆಕ್ಟ್ ಮಾನಿಟರ್‌ನಿಂದ (ಲ್ಯಾಪ್‌ಟಾಪಿಗೆ ಹೋಗದೆ ಕಾರ್ಡಿನಿಂದಲೇ ನೇರವಾಗಿ) ಕೇಳಿಸಿಕೊಂಡರೆ ಬಫರ್ ದೊಡ್ಡದಾದರೂ ತೊಂದರೆಯಿಲ್ಲ. ಭಜನೆಗೆ 64ರ ಹಟ ಯಾಕೆ?

ಮಡಗಾಂವ್‌ನಿಂದ: ತಬಲಾದ ಪೆಟ್ಟು ಹಠಾತ್ತನೆ ಏರುತ್ತದೆ. ಜೋರಾದ ತಿಹಾಯಿ ನುಡಿಸಲು ಹೇಳಿ, ಮೀಟರಿನ ತುದಿ ಮೈನಸ್ 12 ಡೆಸಿಬಲ್ ದಾಟದಂತೆ ಗೇನ್ ಇಡಿ. ಗುಂಯ್ ಅಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಕೇಳಿ ನೋಡಿ; ನಿಂತರೆ ದೋಷ ಕಾರ್ಡಿನದಲ್ಲ, ಚಾರ್ಜರ್ ಇಲ್ಲವೇ ಅರ್ಥಿಂಗಿನದು. ನಮ್ಮ ಕರಾವಳಿಯ ಮಳೆಗಾಲಕ್ಕೆ ಕಂಡೆನ್ಸರ್ ಮೈಕು ಚಟಪಟ ಅನ್ನುತ್ತದೆ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಡೊಂಬಿವಲಿಯಿಂದ: ಒಂದು ಗಂಟೆಗೆ ಎಷ್ಟು ಜಾಗ ಬೇಕಾದೀತು?

ಪುಣೆಯಿಂದ: ಎರಡು ಟ್ರ್ಯಾಕಿಗೆ ಹತ್ತಿರ ಹತ್ತಿರ 1 ಜಿಬಿ. ರೆಕಾರ್ಡಿಂಗ್ ಸಾಫ್ಟ್‌ವೇರ್ ಆಡಾಸಿಟಿ 32 ಬಿಟ್‌ನಲ್ಲಿ ಉಳಿಸುವಂತಿದ್ದರೆ 1.4 ಅಂತಿಟ್ಟುಕೊಳ್ಳಿ.