ರೂಟರ್‌ಗೆ ಹಾಕಿದ 3.5 ಇಂಚಿನ ಯುಎಸ್‌ಬಿ ಡಿಸ್‌ಪ್ಲೇ: ಲೈಟ್ ಬರ್ತದೆ, ಚಿತ್ರ ಬರಲ್ಲ

ಸಿದ್ದಾಪುರ_ತೋಟ:
ತಲೆ ಕೆಟ್ಟುಹೋಗಿದೆ. ರೂಟರ್‌ನ ಯುಎಸ್‌ಬಿಗೆ ಒಂದು ಪುಟ್ಟ ಡಿಸ್‌ಪ್ಲೇ ಸಿಕ್ಕಿಸಿದ್ದೇನೆ. ಬ್ಯಾಕ್‌ಲೈಟ್ ಹತ್ತುತ್ತೆ, ಅಷ್ಟೇ. ಪುಟ್ಟ ಸ್ಕ್ರೀನಿಗೆ ಮಾಹಿತಿ ಕಳಿಸುವ ಎಲ್‌ಸಿಡಿ4ಲಿನಕ್ಸ್ ಪ್ರೋಗ್ರಾಂ ಹಾಕಿ ಆಯ್ತು, ನೆಟ್‌ನಲ್ಲಿ ಸಿಕ್ಕಿದ ಕಾನ್ಫಿಗ್ (ಅದರ ಸೆಟ್ಟಿಂಗ್ಸ್ ಫೈಲ್) ಹಾಗೇ ಇಳಿಸಿ ಆಯ್ತು, ಶುರು ಮಾಡಿದ ಕೂಡಲೇ ಸತ್ತುಹೋಗ್ತದೆ. ವಿಡಿಯೊದಲ್ಲಿ ಒಬ್ಬ ಇದೇ ಸ್ಕ್ರೀನನ್ನು ಚಹಾ ಕುಡಿಯುತ್ತಾ ಓಡಿಸಿ ತೋರಿಸ್ತಾನೆ! ಮಳೆಗಾಲದಲ್ಲಿ ಫೈಬರ್ ಮೇಲೆ ಸಿಲ್ವರ್ ಓಕ್ ಕೊಂಬೆ ಬಿದ್ದರೆ, ಹೋಗಿರುವುದು ಲೈನೋ ರೂಟರೋ ಅಂತ ಮನೆಯವರಿಗೆ ಗೊತ್ತಾಗಲ್ಲ, ಅದಕ್ಕೇ ಈ ಕಸರತ್ತು. ಜತೆಗೆ ಮಳೆ ಎಷ್ಟು ಇಂಚು ಅಂತಲೂ ಅಲ್ಲೇ ಬರಬೇಕು. ಸರಿಯಾಗಿ ಓಡುವ ಕಾನ್ಫಿಗ್ ಫೈಲ್ ಯಾರ ಹತ್ತಿರ ಇದ್ದರೂ ಹಾಕಿ. ಬೇರೆ ಏನೂ ಬೇಡ.

ವಿರಾಜಪೇಟೆ_ವೋಲ್ಟ್:
ಪವರ್ ಸರ್, ಪವರ್. ಯುಎಸ್‌ಬಿ 2 ಪೋರ್ಟಿಂದ 500 ಮಿಲಿಆಂಪ್ ಮೇಲೆ ಕೇಳಬಾರದು. ಬ್ಯಾಕ್‌ಲೈಟೇ ಅರ್ಧ ನುಂಗ್ತದೆ. ಅಡಾಪ್ಟರ್ ಇರುವ ಹಬ್ ಹಾಕಿ, ಆಮೇಲೆ ಮಾತಾಡಿ.

ಮಡಿಕೇರಿ_ಮಂಜು:
ಯಾವ ರೂಟರ್? ಅದಕ್ಕೆ ಹಾಕಿದ ಓಪನ್‌ವರ್ಟ್ ಲಿನಕ್ಸ್ ಯಾವ ಆವೃತ್ತಿ? ಡಿಸ್‌ಪ್ಲೇ ಯಾವುದು? ಮೂರರಲ್ಲಿ ಒಂದನ್ನೂ ಹೇಳಿಲ್ಲ.

ಸಿದ್ದಾಪುರ_ತೋಟ:
ರೂಟರ್ ಮಾಮೂಲಿದೇ. ಓಪನ್‌ವರ್ಟ್ ಹಾಕದೆ ಎಲ್‌ಸಿಡಿ4ಲಿನಕ್ಸ್ ಹೇಗೆ ಬರ್ತದೆ? ಡಿಸ್‌ಪ್ಲೇ 3.5 ಇಂಚು ಅಂತ ಮೇಲೆಯೇ ಬರೆದಿದೆಯಲ್ಲ.

ವಿರಾಜಪೇಟೆ_ವೋಲ್ಟ್:
ಮಳೆಗಾಲದಲ್ಲಿ ನಮ್ಮ ಕಡೆ ವೋಲ್ಟೇಜ್ 170ಕ್ಕೆ ಇಳಿಯೋದು ಎಲ್ಲರಿಗೂ ಗೊತ್ತು. ರೂಟರ್ ಹೇಗೋ ಉಸಿರು ಹಿಡ್ಕೊಂಡಿರ್ತದೆ, ಮೇಲೆ ಡಿಸ್‌ಪ್ಲೇ ಹೇರಿದರೆ ಕೂತುಬಿಡ್ತದೆ.

ಕುಶಾಲನಗರ_ಕರ್ನಲ್:
ಅಣ್ಣಾ, ಅಡಾಪ್ಟರ್ ಹಿಂದೆ ಏನು ಅಚ್ಚು ಹಾಕಿದ್ದಾರೆ ಓದಿ. 100ರಿಂದ 240. 170ರಲ್ಲೂ ಅದು 12 ವೋಲ್ಟೇ ಕೊಡ್ತದೆ.

ವಿರಾಜಪೇಟೆ_ವೋಲ್ಟ್:
ಅಚ್ಚು ಹಾಕಿದ್ದೆಲ್ಲ ನಿಜ ಆಗಿದ್ದರೆ ನಾನು ರಿಪೇರಿ ಅಂಗಡಿ ಇಟ್ಟುಕೊಂಡು ಏನು ಮಾಡ್ತಿದ್ದೆ? ಕೆಪಾಸಿಟರ್ ಉಬ್ಬಿದ ಅಡಾಪ್ಟರ್ ಒಂದು ಚೀಲ ತುಂಬ ಉಂಟು, ಬನ್ನಿ ತೋರಿಸ್ತೇನೆ.

ಸಿದ್ದಾಪುರ_ತೋಟ:
ಕುಶಾಲನಗರಕ್ಕೆ ಹೋದವರ ಕೈಲಿ ಪವರ್ಡ್ ಹಬ್ ತರಿಸಿ ಹಾಕಿದೆ. ಅದೇ ಕಥೆ. ದುಡ್ಡು ದಂಡ.

ವಿರಾಜಪೇಟೆ_ವೋಲ್ಟ್:
ಹಾಗಾದರೆ ಕೇಬಲ್. ಬರೀ ಚಾರ್ಜಿಂಗ್ ಕೇಬಲ್‌ನಲ್ಲಿ ಡೇಟಾದ ಎರಡು ತಂತಿ ಇರೋದೇ ಇಲ್ಲ. ಲೈಟ್ ಬಂದು ಚಿತ್ರ ಬರದಿದ್ದರೆ ಅದೇ ಲಕ್ಷಣ.

ಸಿದ್ದಾಪುರ_ತೋಟ:
ಅದೇ ಕೇಬಲ್‌ನಲ್ಲಿ ಮೊಬೈಲಿಂದ ಫೋಟೊ ಕಾಪಿ ಮಾಡ್ತೇನೆ ಸರ್.

ಕುಶಾಲನಗರ_ಕರ್ನಲ್:
ಪವರ್ ಪುರಾಣ ಸಾಕು. ಪ್ರೋಗ್ರಾಮನ್ನು ಮುನ್ನೆಲೆಯಲ್ಲಿ ಓಡಿಸಿ: ಎಲ್‌ಸಿಡಿ4ಲಿನಕ್ಸ್, ಮುಂದೆ ಹೈಫನ್, ದೊಡ್ಡ ಎಫ್, ಎರಡು ಸಣ್ಣ ವಿ. ಏನು ಉಗುಳ್ತದೋ ಪೂರ್ತಿ ಹಾಕಿ.

ಸಿದ್ದಾಪುರ_ತೋಟ:
ಸೆಕ್ಯುರಿಟಿ ಎರರ್ ಅಂತಿದೆ, ಕಾನ್ಫಿಗ್ ಫೈಲ್ ಹೆಸರು ಹೇಳಿ ಬಯ್ತದೆ.

ಕುಶಾಲನಗರ_ಕರ್ನಲ್:
ಸಿಕ್ತಲ್ಲ! ಆ ಫೈಲ್ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಒಬ್ಬನದೇ ಆಗಿರಬೇಕು, ಬೇರೆಯವರಿಗೆ ಓದುವ ಹಕ್ಕಿದ್ದರೂ ಅದು ಓಡಲ್ಲ ಅಂತದೆ. ಹಕ್ಕು ಬದಲಿಸುವ ಆಜ್ಞೆ ಸಿಎಚ್‌ಮಾಡ್ 600 ಹೊಡೆಯಿರಿ. ಮುಗೀತು.

ಸಿದ್ದಾಪುರ_ತೋಟ:
ಹೊಡೆದೆ. ಮುಗೀಲಿಲ್ಲ. ಈಗ ಕಾನ್ಫಿಗ್‌ನಲ್ಲಿರುವ ಡಿಪಿಎಫ್ ಅನ್ನೋ ಡಿಸ್‌ಪ್ಲೇ ಡ್ರೈವರ್ ಹೆಸರು ಹೇಳಿ ಡಿವೈಸ್ ಸಿಗ್ತಿಲ್ಲ ಅಂತ ಸಾಯ್ತದೆ.

ಕುಶಾಲನಗರ_ಕರ್ನಲ್:
ಪ್ಯಾಕೇಜ್ ಅರೆಬರೆ ಇದೆ. ಎಲ್‌ಸಿಡಿ4ಲಿನಕ್ಸ್-ಫುಲ್ ಅನ್ನೋದನ್ನೇ ಹಾಕಬೇಕು. ಹೈಫನ್ ಎಲ್ ಕೊಟ್ಟರೆ ಒಳಗಿರುವ ಡ್ರೈವರ್ ಪಟ್ಟಿ ಬರ್ತದೆ, ನೋಡಿ.

ಸಿದ್ದಾಪುರ_ತೋಟ:
ಪಟ್ಟಿಯಲ್ಲಿ ಡಿಪಿಎಫ್ ಇದೆ.

ಕುಶಾಲನಗರ_ಕರ್ನಲ್:
ಇದ್ದರೂ ತೆಗೆದು ಮತ್ತೆ ಹಾಕಿ. ಇತ್ತೀಚೆಗೆ ಅಪ್‌ಗ್ರೇಡ್ ಮಾಡಿದ್ರಾ? ಓಪನ್‌ವರ್ಟ್‌ನ ಹೊಸ ಆವೃತ್ತಿ ಹಾಕುವ ಸಿಸ್‌ಅಪ್‌ಗ್ರೇಡ್ ಸೆಟ್ಟಿಂಗ್ಸ್ ಉಳಿಸ್ತದೆ, ನಾವು ಹಾಕಿದ ಪ್ಯಾಕೇಜ್ ಉಳಿಸಲ್ಲ.

ನಾಪೋಕ್ಲು_ನೋಡ್:
ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಬಳಸಿದರೆ ಪ್ಯಾಕೇಜ್ ಸಮೇತ ಫರ್ಮ್‌ವೇರ್ ಇಮೇಜ್ ಕಟ್ಟಿ ಕೊಡ್ತದೆ. ಯಾವ ಕಾಲದಲ್ಲಿದ್ದೀರಿ?

ಕುಶಾಲನಗರ_ಕರ್ನಲ್:
ಇನ್ನೊಬ್ಬರ ಸರ್ವರ್ ಕಟ್ಟಿ ಕೊಟ್ಟ ಇಮೇಜ್ ನನ್ನ ಗೇಟ್‌ವೇ ಮೇಲೆ ಹಾಕಲ್ಲ. ನಾನೇ ಕಟ್ಟಿಕೊಳ್ತೇನೆ.

ನಾಪೋಕ್ಲು_ನೋಡ್:
ಕಟ್ಟಿಕೊಳ್ಳಿ. ಇಲ್ಲಿ ಕರೆಂಟ್ ಇರುವ ಹೊತ್ತಲ್ಲಿ ಕಂಪೈಲ್ ಮುಗಿದರೆ ಪುಣ್ಯ.

ಕಕ್ಕಬ್ಬೆ_ಜೇನು:
ಇಷ್ಟು ಹೊತ್ತಾಯ್ತು, ಸಿಕ್ಕಿಸಿದ ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಹೊಡೆಯಿರಿ ಅಂತ ಒಬ್ಬರೂ ಹೇಳಲಿಲ್ಲವಲ್ಲ ಮಾರಾಯ್ರೆ. ಯುಎಸ್‌ಬಿಯುಟಿಲ್ಸ್ ಪ್ಯಾಕೇಜ್ ಹಾಕಿ, ಬಂದ ಸಾಲು ಇಲ್ಲಿ ಅಂಟಿಸಿ.

ಸಿದ್ದಾಪುರ_ತೋಟ:
ಹಬ್‌ದು ಒಂದು ಸಾಲು. ಇನ್ನೊಂದರ ಐಡಿ 1ಎ86:5722.

ಕಕ್ಕಬ್ಬೆ_ಜೇನು:
ಅದೇ. ನೀವು ಇಳಿಸಿದ ಕಾನ್ಫಿಗ್ ಎಎಕ್ಸ್206 ಚಿಪ್ಪಿನ ಡಿಸ್‌ಪ್ಲೇಗೆ. ಹಿಂದೆ ಕೀಚೈನ್‌ಗೆ ಹಾಕುವ ಪುಟ್ಟ ಫೋಟೊ ಫ್ರೇಮ್ ಬರ್ತಿತ್ತಲ್ಲ, ಅದರ ಫರ್ಮ್‌ವೇರ್ ಬದಲಿಸಿ ಯುಎಸ್‌ಬಿ ಸ್ಕ್ರೀನ್ ಮಾಡ್ಕೊಳ್ತಿದ್ದರು, ಆ ವಂಶ. ಅದಾಗಿದ್ದರೆ 1908:0102 ಬರಬೇಕು. ಎಲ್‌ಸಿಡಿ4ಲಿನಕ್ಸ್‌ನ ಡಿಪಿಎಫ್ ಡ್ರೈವರ್ ಹುಡುಕೋದು ಅದನ್ನೇ. ನಿಮ್ಮದು ಟ್ಯೂರಿಂಗ್ ಅನ್ನೋ ಹೆಸರಲ್ಲಿ ಬರುವ ಜಾತಿ. ಕಂಪ್ಯೂಟರಿಗೆ ಅದು ಡಿಸ್‌ಪ್ಲೇ ಅಂತ ಕಾಣೋದೇ ಇಲ್ಲ, ಸೀರಿಯಲ್ ಪೋರ್ಟ್ ಅಂತ ಕಾಣ್ತದೆ. ಎರಡಕ್ಕೂ 320ಕ್ಕೆ 480, ಎರಡೂ 3.5 ಇಂಚು, ಫೋಟೊದಲ್ಲಿ ಅವಳಿಜವಳಿ. ಕಾನ್ಫಿಗ್ ಎಷ್ಟು ತಿದ್ದಿದರೂ ಓಡಲ್ಲ.

ಸಿದ್ದಾಪುರ_ತೋಟ:
ಮಾರಿದವನ ಪುಟದಲ್ಲಿ ಎಎಕ್ಸ್206 ಅಂತಲೇ ಇತ್ತು!

ಕಕ್ಕಬ್ಬೆ_ಜೇನು:
ಪುಟದಲ್ಲಿ ಏನು ಬೇಕಾದರೂ ಇರ್ತದೆ. ಅಂಥ ಸೀರಿಯಲ್ ಪೋರ್ಟಿನ ಡ್ರೈವರ್ ಕೆಮಾಡ್-ಯುಎಸ್‌ಬಿ-ಎಸಿಎಂ ಹಾಕಿ, ಕಳಚಿ ಮತ್ತೆ ಸಿಕ್ಕಿಸಿ. ಡೆವ್ ಫೋಲ್ಡರ್ ಒಳಗೆ ಆ ಪೋರ್ಟ್ ಟಿಟಿವೈಎಸಿಎಂ0 ಅಂತ ಹುಟ್ಟಬೇಕು.

ಸಿದ್ದಾಪುರ_ತೋಟ:
ಹುಟ್ಟಿತು. ಈಗ ಕಾನ್ಫಿಗ್ ಕೊಡಿ.

ಕಕ್ಕಬ್ಬೆ_ಜೇನು:
ಇದಕ್ಕೆ ಕಾನ್ಫಿಗ್ ಅಲ್ಲ, ಪೈಥಾನ್ ಪ್ರೋಗ್ರಾಂ ಇರೋದು. ರೂಟರ್ ಮಾದರಿ ಇನ್ನಾದರೂ ಹೇಳಿ.

ಸಿದ್ದಾಪುರ_ತೋಟ:
ಆರ್ಚರ್ ಸಿ7, ವರ್ಷನ್ 5.

ಮಡಿಕೇರಿ_ಮಂಜು:
16 ಎಂಬಿ ಫ್ಲ್ಯಾಶ್. ಪೈಥಾನ್, ಅದರ ಮೇಲೆ ಪಿಲ್ಲೋ, ನಂಪೈ ಲೈಬ್ರರಿಗಳು. ಕಾಲಿಡಲೂ ಜಾಗ ಇಲ್ಲ. ಪೆನ್‌ಡ್ರೈವ್ ಹಾಕಿ ಎಕ್ಸ್‌ಟ್‌ರೂಟ್ ಮಾಡಿ ಜಾಗ ಹಿಗ್ಗಿಸಬಹುದು, ಆದರೆ ವರ್ಷನ್ 5ರಲ್ಲಿ ಯುಎಸ್‌ಬಿ ಪೋರ್ಟ್ ಇರೋದೇ ಒಂದು.

ವಿರಾಜಪೇಟೆ_ವೋಲ್ಟ್:
ಹಬ್ ಇದೆಯಲ್ಲ! ಹಾಕಿ ಅಂದಿದ್ದು ಯಾರು?

ಕುಶಾಲನಗರ_ಕರ್ನಲ್:
ರೂಟರ್ ಮೇಲೆ ಪೈಥಾನ್ ಅಂದರೆ ಆಟೋಗೆ ಟಿಂಬರ್ ಹೇರಿದ ಹಾಗೆ. ನಮ್ಮನೆಯಲ್ಲಿ ಇದಕ್ಕೆಲ್ಲ ರಾಸ್ಪ್‌ಬೆರಿ ಪೈ 4 ಬೇರೆಯೇ ಇದೆ, ಎಸ್‌ಎಸ್‌ಡಿಯಿಂದ ಬೂಟ್. ಲಿಥಿಯಂ ಬ್ಯಾಟರಿ ಇನ್ವರ್ಟರ್. ಹೋಮ್‌ಸ್ಟೇ ಕಾಟೇಜ್‌ಗೆಲ್ಲ ನೆಲದಡಿಯ ಫೈಬರ್. ಯುಎಸ್‌ಬಿಯಲ್ಲೇ ಚಿತ್ರ ತಗೊಳ್ಳುವ ಹಳೆಯ ಡಿಸ್‌ಪ್ಲೇಲಿಂಕ್ ಮಾನಿಟರ್ ಒಂದು ರಿಸೆಪ್ಷನ್‌ನಲ್ಲಿ ತೂಗುಹಾಕಿದ್ದೇನೆ, ಲಿನಕ್ಸ್ ಕರ್ನಲ್‌ನಲ್ಲೇ ಇರುವ ಯುಡಿಎಲ್ ಡ್ರೈವರ್‌ನಲ್ಲಿ ಓಡ್ತದೆ. ಫೋಟೊ ಬೇಕಾ?

ಮಡಿಕೇರಿ_ಮಂಜು:
ಬೇಡ. ಆದರೆ ಓದುವವರಿಗೆ ಒಂದು ಮಾತು: ಯುಡಿಎಲ್ ಯುಎಸ್‌ಬಿ 2 ಕಾಲದ ಡಿಸ್‌ಪ್ಲೇಲಿಂಕ್ ಚಿಪ್ಪಿಗೆ ಮಾತ್ರ. ಯುಎಸ್‌ಬಿ 3ರ ಚಿಪ್ಪಿಗೆ ಇವಿಡಿಐ ಅನ್ನೋ ಕರ್ನಲ್ ಮಾಡ್ಯೂಲ್ ಮತ್ತು ಕಂಪನಿಯ ಮುಚ್ಚಿದ ಡ್ರೈವರ್ ಎರಡೂ ಬೇಕು, ಸಿ7ನಂಥ ಮಿಪ್ಸ್ ಪ್ರೊಸೆಸರಿನ ರೂಟರ್‌ಗೆ ಅದು ಸಿಗಲ್ಲ. ಫೋಟೊ ನೋಡಿ ಕೊಂಡುಕೊಳ್ಳಬೇಡಿ.

ಕಕ್ಕಬ್ಬೆ_ಜೇನು:
ತೋಟದವರೇ, ಪೈಥಾನ್ ಇಲ್ಲದೆಯೂ ಆಗ್ತದೆ. ಆ ಸ್ಕ್ರೀನಿನ ಭಾಷೆ ಸುಲಭ. ಒಂದು ಆಜ್ಞೆಗೆ ಆರು ಬೈಟ್: ಮೊದಲ ಐದರಲ್ಲಿ ಎಡ, ಮೇಲೆ, ಬಲ, ಕೆಳಗೆ ಅಂಚುಗಳನ್ನು ಒತ್ತಿ ತುಂಬಿರ್ತಾರೆ, ಆರನೆಯದು ಆಜ್ಞೆ. 108 ಆರಿಸು, 109 ಹತ್ತಿಸು, 110 ಬೆಳಕು, 197 ಚಿತ್ರ ಬರ್ತಿದೆ ತಗೋ. ಬೆಳಕು ಉಲ್ಟಾ: 0 ಅಂದರೆ ಪೂರ್ತಿ, 255 ಅಂದರೆ ಕತ್ತಲೆ. ಮೊದಲು ಪ್ರಿಂಟ್‌ಎಫ್‌ನಲ್ಲಿ ಐದು ಸೊನ್ನೆ ಬೈಟ್, ಆರನೆಯದು 108 ಕಳಿಸಿ ನೋಡಿ.

ಸಿದ್ದಾಪುರ_ತೋಟ:
ಆರಿತು! 109ಕ್ಕೆ ಹತ್ತಿತು! ಊರಲ್ಲಿ ತಮ್ಮ ಇದ್ದಾನೆ, ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೀತಾನೆ, ಅವನ ಕೈಲಿ ಮಾಡಿಸ್ತೇನೆ.

ಕಕ್ಕಬ್ಬೆ_ಜೇನು:
ಪೋರ್ಟನ್ನು ಮೊದಲು ರಾ ಮೋಡ್‌ಗೆ (ಬೈಟ್ ಏನೂ ತಿದ್ದದೆ ಕಳಿಸುವ ಸ್ಥಿತಿಗೆ) ಹಾಕಲು ಹೇಳಿ. ಹಾಗೇ ಬಿಟ್ಟರೆ 10 ಅನ್ನೋ ಬೈಟ್ ಬಂದಾಗೆಲ್ಲ ಲಿನಕ್ಸಿನ ಟಿಟಿವೈ ಅದಕ್ಕಿಂತ ಮೊದಲು ಒಂದು 13 ಸೇರಿಸ್ತದೆ. ಅಲ್ಲಿಂದ ಮುಂದಿನ ಪಿಕ್ಸೆಲ್ ಎಲ್ಲ ಜಾರಿಕೊಳ್ತಾ ಹೋಗ್ತವೆ.

ಸಿದ್ದಾಪುರ_ತೋಟ:
ಚಿತ್ರ ಬಂತು, ಓರೆ ಇಲ್ಲ, ಅಕ್ಷರವೂ ಚೆನ್ನಾಗಿ ಕಾಣ್ತದೆ. ಆದರೆ ನೆಟ್ ಸರಿ ಇದ್ದರೆ ಹಸಿರು ಪಟ್ಟಿ ಬರಬೇಕಾದ ಜಾಗದಲ್ಲಿ ಕುಂಕುಮದ ಬಣ್ಣ. ಕೆಂಪು ಹಾಕಿದರೆ ನೀಲಿ. ಬಿಳಿ, ಕಪ್ಪು ಎರಡೂ ಸರಿಯಾಗಿವೆ. ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಅದೇ ಪ್ರೋಗ್ರಾಂ, ಅದೇ ಸ್ಕ್ರೀನ್, ಬಣ್ಣ ಎಲ್ಲ ಸರಿ!

ವಿರಾಜಪೇಟೆ_ವೋಲ್ಟ್:
ಲ್ಯಾಪ್‌ಟಾಪ್ ಪೋರ್ಟ್ ಜಾಸ್ತಿ ಕರೆಂಟ್ ಕೊಡ್ತದೆ. ಹೇಳಿದ್ದೆನಲ್ಲ.

ಮಡಿಕೇರಿ_ಮಂಜು:
ಕರೆಂಟ್ ಕಮ್ಮಿಯಾದರೆ ಹಸಿರು ಕುಂಕುಮ ಆಗಲ್ಲ ಸರ್. ಒಂದು ಪಿಕ್ಸೆಲ್‌ಗೆ ಎರಡು ಬೈಟ್, ಸ್ಕ್ರೀನಿಗೆ ಕಡಿಮೆ ಬೆಲೆಯ ಬೈಟ್ ಮೊದಲು ಬರಬೇಕು. ಲ್ಯಾಪ್‌ಟಾಪ್ ಲಿಟ್ಲ್ ಎಂಡಿಯನ್, ಅಂದರೆ ಅದರದೂ ಅದೇ ಕ್ರಮ, ಹಾಗಾಗಿ ತಾನಾಗೇ ಸರಿಹೋಗ್ತದೆ. ಸಿ7ನ ಮಿಪ್ಸ್ ಬಿಗ್ ಎಂಡಿಯನ್, ಅಂದರೆ ಉಲ್ಟಾ ಕ್ರಮ, ಎರಡು ಬೈಟ್ ತಿರುಗಾಮುರುಗಾ ಹೋಗ್ತಿವೆ. ಪೂರ್ತಿ ಹಸಿರು ಹೆಕ್ಸ್‌ನಲ್ಲಿ 07ಇ0, ತಿರುಗಿಸಿದರೆ ಇ007, ಅದರಲ್ಲಿ ಕೆಂಪೇ ತುಂಬಿದೆ. ಬಿಳಿ, ಕಪ್ಪು ತಿರುಗಿಸಿದರೂ ಅವೇ. ಬರೆಯುವ ಮುಂಚೆ ಬೈಟ್ ಅದಲುಬದಲು ಮಾಡಲು ಹೇಳಿ, ಒಂದೇ ಸಾಲಿನ ಕೆಲಸ.

ಸಿದ್ದಾಪುರ_ತೋಟ:
ಸರಿಹೋಯ್ತು. ಆದರೆ ನಿಧಾನ. ಪರದೆ ಮೇಲಿಂದ ಕೆಳಗೆ ಒರೆಸಿದ ಹಾಗೆ ಬದಲಾಗೋದು ಕಣ್ಣಿಗೆ ಕಾಣ್ತದೆ.

ಕಕ್ಕಬ್ಬೆ_ಜೇನು:
ಪೂರ್ತಿ ಪರದೆ ಅಂದರೆ 307200 ಬೈಟ್. ಪ್ರತಿ ಸಲ ಅಷ್ಟನ್ನೂ ಕಳಿಸಬೇಡಿ. ಬದಲಾದ ಅಂಕಿಯ ಚೌಕ ಮಾತ್ರ ಕಳಿಸಿ, 197ಕ್ಕೆ ಅಂಚು ಕೊಡೋದು ಅದಕ್ಕೇ. ಅಂದಹಾಗೆ ಮಳೆ ಅಂಕಿ ಎಲ್ಲಿಂದ ಬರ್ತದೆ?

ಸಿದ್ದಾಪುರ_ತೋಟ:
ಈಗ ಅಪ್ಪ ಬೆಳಗ್ಗೆ ಗೇಜ್ ನೋಡಿ ಪುಸ್ತಕದಲ್ಲಿ ಬರೀತಾರೆ. ಮಳೆ ನೀರು ತುಂಬಿದಾಗೆಲ್ಲ ಮಗುಚಿ ಲೆಕ್ಕ ಇಡುವ ಟಿಪ್ಪಿಂಗ್ ಬಕೆಟ್ ತರಿಸಿದ್ದೇನೆ, ಒಂದು ಸಲ ಮಗುಚಿದರೆ 0.2 ಮಿಲಿಮೀಟರ್. ಮನೆಯಲ್ಲಿ ಸೆಂಟ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ) ತೋರಿಸದಿದ್ದರೆ ಒಪ್ಪಲ್ಲ.

ನಾಪೋಕ್ಲು_ನೋಡ್:
ಮಿಲಿಮೀಟರ್‌ನಲ್ಲೇ ಇಡಿ, ಜಗತ್ತೇ ಅದರಲ್ಲಿ ಅಳೀತದೆ.

ಕಕ್ಕಬ್ಬೆ_ಜೇನು:
ಜಗತ್ತು ಅಳೆಯಲಿ. ಕಾಫಿ ಹೂ ಅರಳಿಸುವ ಹೂಮಳೆ ಒಂದಿಂಚು ಬಿತ್ತಾ, ಎಂಬತ್ತು ಸೆಂಟಾ ಅಂತಲೇ ಇಲ್ಲಿ ಕೇಳೋದು. ಒಂದು ಸೆಂಟ್ ಅಂದರೆ 0.254 ಮಿಲಿಮೀಟರ್. ಒಟ್ಟು ಎಷ್ಟು ಸಲ ಮಗುಚಿತು ಅಂತ ಹಾಗೇ ಇಟ್ಟುಕೊಳ್ಳಿ, ತೋರಿಸುವಾಗ ಭಾಗಿಸಿ. ಪ್ರತಿ ಸಲ ದುಂಡಗೆ ಮಾಡಿ ಕೂಡಿಸಿದರೆ ಜುಲೈ ಕೊನೆಗೆ ಅಪ್ಪನ ಪುಸ್ತಕಕ್ಕೂ ಸ್ಕ್ರೀನಿಗೂ ಜಗಳ.

ಕುಶಾಲನಗರ_ಕರ್ನಲ್:
ಬಕೆಟ್‌ನಿಂದ ರೂಟರ್ ತನಕ ವೈರ್ ಎಷ್ಟು ಉದ್ದ?

ಸಿದ್ದಾಪುರ_ತೋಟ:
ಗೇಜ್ ಕಣದ ಆಚೆ ತುದಿಯಲ್ಲಿದೆ. ಬೇಲಿಗುಂಟ ಎಳೆಯಬೇಕು ಅಂತಿದ್ದೇನೆ.

ವಿರಾಜಪೇಟೆ_ವೋಲ್ಟ್:
ಬೇಲಿಗುಂಟ ತಾಮ್ರದ ತಂತಿ, ಏಪ್ರಿಲ್ ಸಿಡಿಲು, ತುದಿಯಲ್ಲಿ ರೂಟರ್. ಆ ಬೋರ್ಡ್ ನನ್ನ ಅಂಗಡಿಗೇ ಬರ್ತದೆ, ಬರೆದಿಟ್ಟುಕೊಳ್ಳಿ.

ಮಡಿಕೇರಿ_ಮಂಜು:
ಇದೊಂದು ಮಾತಿಗೆ ನನ್ನದೂ ಸಹಿ. ವೈರ್ ಬೇಡ. ಬಕೆಟ್ ಹತ್ತಿರವೇ ಬ್ಯಾಟರಿ ಮೇಲೆ ಓಡುವ ಇಎಸ್‌ಪಿ32 ಅನ್ನೋ ಪುಟ್ಟ ಬೋರ್ಡ್ ಇಟ್ಟು ವೈಫೈಯಲ್ಲಿ ಕಳಿಸಿ. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಇದು ಆಗಲೇ ಬಹಳ ಉದ್ದವಾಯ್ತು.

ವಿರಾಜಪೇಟೆ_ವೋಲ್ಟ್:
ಯಾವ ಬ್ಯಾಟರಿ? ಮಳೆಗಾಲದಲ್ಲಿ ಸೋಲಾರ್ ಚಾರ್ಜ್ ಆಗಲ್ಲ.