ತಂತ್ರಾಂಶದ ಜೊತೆಗೇ ಬೇರೆಯವರ ಲೈಬ್ರರಿಗಳನ್ನು ಸೇರಿಸಿ ಕೊಡುವುದು ಸರಿಯೇ?

ಪ್ರಶ್ನೆ (ಚಿಕ್ಕಮಗಳೂರಿನಿಂದ)

ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿಗಾಗಿ ತೂಕ ಮತ್ತು ಬಿಲ್ಲಿನ ಲೆಕ್ಕ ಇಡುವ ವಿಂಡೋಸ್ ತಂತ್ರಾಂಶವೊಂದನ್ನು ಸಿದ್ಧಪಡಿಸಿದ್ದೇವೆ. ಮೂಡಿಗೆರೆ, ಕೊಪ್ಪದ ಕಡೆ ಇಂಟರ್ನೆಟ್ಟನ್ನು ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ಜೆಡ್‌ಲಿಬ್ (ದತ್ತಾಂಶ ಕುಗ್ಗಿಸಲು), ಓಪನ್‌ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕಕ್ಕೆ), ಲಿಬ್‌ವೆಬ್‌ಪಿ (ವೆಬ್‌ಪಿ ಚಿತ್ರಗಳಿಗೆ) ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಇನ್‌ಸ್ಟಾಲರಿನೊಳಗೇ ಸೇರಿಸಿ ಪೆನ್‌ಡ್ರೈವಿನಲ್ಲಿ ಕೊಡುತ್ತೇವೆ. ಎಲ್ಲ ಕಡೆಯೂ ಒಂದೇ ಆವೃತ್ತಿ ಇದ್ದರೆ ತಕರಾರು ಬರುವುದಿಲ್ಲ ಎಂಬುದು ನಮ್ಮ ಲೆಕ್ಕಾಚಾರ. ಇದರಲ್ಲಿ ಗಂಭೀರವಾದ ತೊಂದರೆಗಳೇನಾದರೂ ಇವೆಯೇ?

ಉತ್ತರ (ಹಾಸನದಿಂದ)

ಖಂಡಿತ ಇವೆ. ಲೈಬ್ರರಿಯ ಒಂದು ಪ್ರತಿಯನ್ನು ನಿಮ್ಮ ಇನ್‌ಸ್ಟಾಲರಿಗೆ ಹಾಕಿಕೊಂಡ ಮೇಲೆ, ಅದರಲ್ಲಿ ಮುಂದೆ ಪತ್ತೆಯಾಗುವ ದೋಷಗಳನ್ನು ಗಮನಿಸಿ ಸರಿಪಡಿಸುವ ಹೊಣೆಯೂ ನಿಮ್ಮದೇ ಆಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಲಿಬ್‌ವೆಬ್‌ಪಿಯಲ್ಲಿ, ದುರುದ್ದೇಶದಿಂದ ರೂಪಿಸಿದ ಚಿತ್ರವೊಂದನ್ನು ತೆರೆದರೆ ದಾಳಿಗೆ ದಾರಿಯಾಗುವಂತಹ ದೋಷ ಬಯಲಾಗಿ, 1.3.2 ಆವೃತ್ತಿಯಲ್ಲಿ ಪರಿಹಾರ ಬಂದಿತು. ಲಿನಕ್ಸಿನಲ್ಲಿ ವ್ಯವಸ್ಥೆಯದೇ ಲೈಬ್ರರಿಯನ್ನು ಹಂಚಿಕೊಂಡಿದ್ದ ತಂತ್ರಾಂಶಗಳಿಗೆ ಒಂದು ಪ್ಯಾಕೇಜಿನ ಅಪ್‌ಡೇಟ್ ಸಾಕಾಯಿತು. ಎಲೆಕ್ಟ್ರಾನ್ (ವೆಬ್ ತಂತ್ರಜ್ಞಾನದಿಂದ ಡೆಸ್ಕ್‌ಟಾಪ್ ಆಪ್ ಕಟ್ಟುವ ಚೌಕಟ್ಟು) ಬಳಸಿ ಕಟ್ಟಿದ ಆಪ್‌ಗಳಲ್ಲಿ ಪ್ರತಿಯೊಂದರೊಳಗೂ ಬೇರೆ ಪ್ರತಿಯಿದ್ದುದರಿಂದ ಒಂದೊಂದನ್ನೂ ಪ್ರತ್ಯೇಕವಾಗಿ ನವೀಕರಿಸಬೇಕಾಯಿತು. ನಿಮ್ಮ ಪೆನ್‌ಡ್ರೈವ್ ಪಡೆದ ಗುಮಾಸ್ತರಿಗೆ ಒಳಗೆ ಇಂಥದ್ದೊಂದು ಲೈಬ್ರರಿ ಇರುವುದೇ ತಿಳಿದಿರುವುದಿಲ್ಲ. ವಿಂಡೋಸ್ ಅಪ್‌ಡೇಟ್ ಆಗಿದೆ, ಇನ್ನು ಭಯವಿಲ್ಲ ಎಂದುಕೊಂಡಿರುತ್ತಾರೆ. ನನಗೆ ಹೆಚ್ಚು ಆತಂಕ ತರುವುದು ಇದೇ.

ಉತ್ತರ (ಸಕಲೇಶಪುರದಿಂದ)

ಮೊದಲು ನಿಮ್ಮ ಡಿಎಲ್‌ಎಲ್ ಫೈಲುಗಳನ್ನು (ವಿಂಡೋಸಿನಲ್ಲಿ ಲೈಬ್ರರಿಗಳಿರುವ ಫೈಲುಗಳು), ಫೈಲಿನೊಳಗಿನ ಓದಬಹುದಾದ ಪಠ್ಯವನ್ನು ತೋರಿಸುವ ‘ಸ್ಟ್ರಿಂಗ್ಸ್’ ಎಂಬ ಸಾಧನದಿಂದ ಪರೀಕ್ಷಿಸಿ. ‘ಡಿಫ್ಲೇಟ್ 1.2.11 ಕಾಪಿರೈಟ್ 1995-2017’ ಎಂದು ಆರಂಭವಾಗುವ ಸಾಲು ಕಂಡರೆ ಅದು 2017ರ ಜೆಡ್‌ಲಿಬ್. ದತ್ತಾಂಶವನ್ನು ಕುಗ್ಗಿಸುವಾಗ ಮೆಮೊರಿಯನ್ನು ಕೆಡಿಸಬಲ್ಲ ಅದರ ದೋಷವು 2022ರ ಮಾರ್ಚಿನಲ್ಲಿ ಬಂದ 1.2.12ರಲ್ಲಷ್ಟೇ ನಿವಾರಣೆಯಾಯಿತು. ಪಿಡಿಎಫ್ ಅಥವಾ ಚಿತ್ರಗಳ ಲೈಬ್ರರಿಯ ಹೊಟ್ಟೆಯಲ್ಲಿ ಇನ್ನೊಂದು ಜೆಡ್‌ಲಿಬ್ ಅಡಗಿರುವುದೂ ಉಂಟು, ಆದ್ದರಿಂದ ಒಂದನ್ನು ಬದಲಿಸಿ ಸುಮ್ಮನಾಗಬೇಡಿ. 2021ರ ಡಿಸೆಂಬರಿನಲ್ಲಿ ಲಾಗ್4ಜೆ (ಜಾವಾ ತಂತ್ರಾಂಶಗಳಲ್ಲಿ ದಾಖಲೆ ಬರೆಯುವ ಲೈಬ್ರರಿ) ದೋಷ ಹೊರಬಿದ್ದಾಗ, ಜಾವಾ ಕೋಡನ್ನು ಕಟ್ಟಿಡುವ ಜಾರ್ ಫೈಲಿನೊಳಗಿನ ಜಾರ್ ಫೈಲುಗಳಲ್ಲಿ ಅದು ಎಲ್ಲೆಲ್ಲಿದೆ ಎಂದು ಹುಡುಕುವುದೇ ದೊಡ್ಡ ಕೆಲಸವಾಗಿತ್ತು.

ಮರುಪ್ರಶ್ನೆ (ಚಿಕ್ಕಮಗಳೂರಿನಿಂದ)

ಹೇಳಿದ ಸಾಲು ನಮ್ಮ ಎರಡು ಫೈಲುಗಳಲ್ಲಿ ಸಿಕ್ಕಿತು. ಆದರೆ ಲಿನಕ್ಸಿನಲ್ಲಿರುವಂತಹ ಹಂಚಿಕೆಯ ಪ್ಯಾಕೇಜುಗಳು ವಿಂಡೋಸಿನಲ್ಲಿ ಇಲ್ಲವಲ್ಲ?

ಉತ್ತರ (ಹಾಸನದಿಂದ)

ನಿಜ, ಕೆಲವನ್ನು ಜೊತೆಗೆ ಕೊಡದೆ ವಿಧಿಯಿಲ್ಲ. ಆದರೆ ಓಪನ್‌ಎಸ್‌ಎಸ್‌ಎಲ್ ಅನ್ನು ಸುರಕ್ಷಿತ ಸಂಪರ್ಕಕ್ಕಷ್ಟೇ ಬಳಸುತ್ತಿದ್ದರೆ ಅದನ್ನು ಕೈಬಿಟ್ಟು, ವಿಂಡೋಸಿನದೇ ಆದ ಎಸ್‌ಚಾನೆಲ್ ಬಳಸಿ. ಅದರ ದೋಷಗಳಿಗೆ ವಿಂಡೋಸ್ ಅಪ್‌ಡೇಟಿನಲ್ಲೇ ಪರಿಹಾರ ಬರುತ್ತದೆ. ಉಳಿದವನ್ನು ನಿಮ್ಮ ಎಕ್ಸಿಕ್ಯೂಟಬಲ್ (.exe) ಫೈಲಿನೊಳಗೆ ಬೆಸೆಯದೆ ಪ್ರತ್ಯೇಕ ಡಿಎಲ್‌ಎಲ್ ಆಗಿ ಇಟ್ಟರೆ, ಮುಂದಿನ ಸಲ ಪೆನ್‌ಡ್ರೈವಿನಲ್ಲಿ ಆ ಫೈಲುಗಳನ್ನಷ್ಟೇ ಕಳುಹಿಸಬಹುದು. ಲೈಬ್ರರಿಗಳ ಮೂಲ ಕೋಡಿನಲ್ಲಿ ನಿಮ್ಮ ಸ್ವಂತ ತಿದ್ದುಪಡಿಗಳನ್ನು ದಯವಿಟ್ಟು ಸೇರಿಸಬೇಡಿ, ಏಕೆಂದರೆ ಹೊಸ ಆವೃತ್ತಿ ಬಂದಾಗಲೆಲ್ಲ ಅವನ್ನು ಮತ್ತೆ ಹೊಂದಿಸಬೇಕಾಗುತ್ತದೆ.